ತಂಪು ಕೈ

ನನ್ನ ತಾಯಿಯ ಕಡೆಯ ಹೆಂಗಸರಿಗೆ ತಂಪು ಕೈ ಇದೆ ಎಂಬುದು ಕಾಸರಗೋಡಿನ ನಮ್ಮ ಬಳಗಕ್ಕೆಲ್ಲ ಗೊತ್ತಿದ್ದ ಸಂಗತಿ. ಮುಟ್ಟಿದರೆ ತಣ್ಣಗಿರುವ ಕೈ ಎಂದಲ್ಲ, ಬಿಸಿ ತಾಗದ ಕೈ ಎಂದು ಅರ್ಥ. ಅಜ್ಜಿ ಕುದಿಯುವ ಸಾರಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಿದ್ದರು. ಕೃಷ್ಣಾಷ್ಟಮಿಗೆ ನಮ್ಮಲ್ಲಿ ಮೂಡೆ ಮಾಡುತ್ತಾರೆ. ಕೇದಗೆ ಎಲೆಯನ್ನು ಕೊಳವೆಯಂತೆ ಸುತ್ತಿ, ಒಳಗೆ ಹಿಟ್ಟು ಹೊಯ್ದು, ಹಬೆಯಲ್ಲಿ ಬೇಯಿಸುವ ಕಡುಬು ಅದು. ಬೆಂದ ಮೊದಲ ಮೂಡೆಯನ್ನು ಬರಿಗೈಯಲ್ಲಿ ಎತ್ತಿ ದೇವರ ಮುಂದೆ ಇಡಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಇಕ್ಕುಳ ಕೂಡದು, ಬಟ್ಟೆ ಕೂಡದು, ಬಾಳೆಲೆಯ ಚೂರೂ ಕೂಡದು. ಅಜ್ಜಿ ಮುಚ್ಚಳ ತೆಗೆದು, ಹಬೆಯೊಳಗೆ ಕೈ ಹಾಕಿ, ಯಾವುದು ಚೆನ್ನಾಗಿ ಬೆಂದಿದೆ ಎಂದು ನಿಧಾನವಾಗಿ ತಡವಿ ಆರಿಸುತ್ತಿದ್ದರು. ಉಳಿದ ಹೆಂಗಸರು ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ನನಗೆ ಹನ್ನೊಂದು ತುಂಬಿದ ವರ್ಷ ನನ್ನ ಕೈ ನೋಡಿದರು. ಹುಡುಗಿಯರ ಕೈ ನೋಡುವುದು ಆ ವಯಸ್ಸಿನಲ್ಲೇ. ಮೂಡೆಗೆ ಬೆರಳು ತಾಗಿದ್ದೇ ತಡ, ನಾನು ಮನೆ ಹಾರಿಹೋಗುವ ಹಾಗೆ ಕಿರುಚಿದೆ. ಅಜ್ಜಿ ನನ್ನ ಬೆರಳುಗಳಿಗೆ ಬೆಣ್ಣೆ ಹಚ್ಚುತ್ತಾ, ಅಮ್ಮನ ಕಡೆ ನೋಡಿ, "ಇವಳಿಗೆ ಬರ್ಲಿಲ್ಲ" ಎಂದರು. ಸುಟ್ಟದ್ದಕ್ಕಿಂತ ಆ ಮಾತಿಗೆ ಹೆಚ್ಚು ಅತ್ತೆ. ಮನೆಯಲ್ಲಿ ಎಲ್ಲರಿಗೂ ಇರುವ ಒಡವೆ ನನ್ನೊಬ್ಬಳಿಗೆ ಕೊಡಲಿಲ್ಲ ಎನ್ನುವಂಥ ಹೊಟ್ಟೆಕಿಚ್ಚು ಅದು. ಮೂವತ್ತು ವರ್ಷ ಆರಲಿಲ್ಲ.

ಇನ್ನೊಂದು ಪದ್ಧತಿ ಮಾತ್ರ ನನಗೂ ಬಂತು. ಬಲಗೈ ನಾಜೂಕಿನ ಕೆಲಸ ಮಾಡುವಾಗ ಎಡಗೈ ಖಾಲಿ ಇರಬಾರದು. ರಂಗೋಲಿ ಹಾಕುವಾಗ ಎಡಮುಷ್ಟಿಯಲ್ಲಿ ಒಂದು ಹಿಡಿ ಅಕ್ಕಿ. ಬರೆಯುವಾಗ ರಬ್ಬರೋ ನಾಣ್ಯವೋ ಏನಾದರೊಂದು. ಲಕ್ಷ್ಮಿ ಸೋರಿಹೋಗಬಾರದಂತೆ, ಅದಕ್ಕೆ. ಲಕ್ಷ್ಮಿ ಹೇಗೂ ನಮ್ಮ ಮನೆಯಲ್ಲಿ ಹೆಚ್ಚು ದಿನ ನಿಂತವಳಲ್ಲ, ಆದರೂ ಮುಷ್ಟಿ ಬಿಡಲಿಲ್ಲ. ಆಫೀಸಿನಲ್ಲಿ ಕೂಡ ನಾನು ಬರೆಯುವಾಗ ಎಡಗೈಯಲ್ಲಿ ಮುದ್ರೆಯ ಮುಚ್ಚಳ ಹಿಡಿದಿರುತ್ತೇನೆ. ಅದಿಲ್ಲದಿದ್ದರೆ ಕೈಗೆ ಏನೋ ಕಸಿವಿಸಿ.

ಆಫೀಸು ಎಂದರೆ ಕೊಚ್ಚಿಯಲ್ಲಿ. ಕಾಸರಗೋಡಿನಿಂದ ಕೋರ್ಟಿಗೆ ಬರುವ ಕನ್ನಡದ ಕಾಗದಪತ್ರಗಳನ್ನು ಇಂಗ್ಲಿಷಿಗೆ ತರುವ ಕೆಲಸ ನನ್ನದು. ಹೆಚ್ಚಿನವು ಹಳೆಯ ಪಾಲುಪಟ್ಟಿಗಳು, ಮರಣಶಾಸನಗಳು. ಯಾರಿಂದ ಯಾರಿಗೆ ಏನು ಬಂತು ಎಂದು ದಿನವಿಡೀ ಬರೆಯುವವಳು ನಾನು. ಆದರೂ ನನ್ನ ಮಗಳಿಗೆ ಏನು ಬಂದಿದೆ ಎಂಬುದನ್ನು ಒಬ್ಬ ಟೈಲರ್ ಹೇಳಬೇಕಾಯಿತು.

ಪಾಲಾರಿವಟ್ಟದ ಫ್ಲ್ಯಾಟಿನಲ್ಲಿ ನಾವು ಮೂವರು, ನಾನು, ನನ್ನ ಅಮ್ಮ, ಮಗಳು. ಗಂಡನಿಗೆ ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯಲ್ಲಿ ಕೆಲಸ. ಅಲ್ಲೇ ಕ್ವಾರ್ಟರ್ಸು, ಶನಿವಾರ ಬಂದು ಸೋಮವಾರ ಬೆಳಗಿನ ರೈಲಿಗೆ ಹೋಗುತ್ತಾರೆ. ಅವರು ಮೈಸೂರಿನವರು. ಮಗಳು ಹುಟ್ಟಿ ಬೆಳೆದದ್ದು ಇಲ್ಲೇ. ನಮ್ಮ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ.

ಅವಳಿಗೆ ಹನ್ನೊಂದು ತುಂಬಿದ ವರ್ಷದ ಅಷ್ಟಮಿಗೆ ಅಮ್ಮ ಊರಿನಿಂದ ಕೇದಗೆ ಎಲೆ ತರಿಸಿದರು. "ಅವಳ ಕೈ ನೋಡುವ" ಎಂದರು. ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಈ ಸಲ ಯಾರಿಗೆ ಬಂದಿದೆ ನೋಡೋಣ ಎಂಬ ಆಸೆ ನನಗೇ ಹೆಚ್ಚಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮಗಳು ಹಬೆಯೊಳಗೆ ಕೈ ಹಾಕಿ ಮೂಡೆ ಎತ್ತಿದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅಂಗೈಯಿಂದ ಹಬೆ ಏಳುತ್ತಿರುವಾಗ ಹಜಾರದ ಉದ್ದಕ್ಕೂ ನಡೆದಳು. ನಡುವೆ ಟಿ.ವಿ.ಯ ಮುಂದೆ ನಿಂತು ಒಂದು ಜಾಹೀರಾತು ಪೂರ್ತಿ ನೋಡಿದಳು. ಆಮೇಲೆ ತಿರುಗಿ, "ಎವಿಡೆ ವೆಕ್ಕಣಂ?" ಎಂದು ಕೇಳಿದಳು, ಎಲ್ಲಿ ಇಡಬೇಕು ಎಂದು. ಅಮ್ಮನ ಕಣ್ಣಲ್ಲಿ ನೀರು ಬಂತು. ನನಗೆ ಹೆಮ್ಮೆಯಿಂದ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಗಂಡನಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ. ಅವರು "ಸುಡ್ಲಿಲ್ವಾ ಮಗೂಗೆ?" ಎಂದರು. ಮೈಸೂರಿನವರಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು ಎಂದು ಫೋನ್ ಇಟ್ಟೆ.

ಮರುದಿನ ಅವಳ ಅಂಗೈಯಲ್ಲಿ ಗುಳ್ಳೆ ಎದ್ದಿತ್ತು. ಹೋಮ್‌ವರ್ಕ್ ಮಾಡುವಾಗ ಅದು ಒಡೆದು ನೋಟ್‌ಬುಕ್ಕಿನ ಹಾಳೆ ಒದ್ದೆಯಾಗಿತ್ತು. ಹಾಳೆ ಯಾಕೆ ಒದ್ದೆಯಾಯಿತು ಎಂದು ಅವಳೇ ಬಂದು ನನ್ನನ್ನು ಕೇಳಿದಳು.

ಆ ವರ್ಷ ಇನ್ನೂ ಒಂದು ವಿಚಿತ್ರ ಇತ್ತು. ನಮ್ಮ ಮನೆಯಲ್ಲಿ ಅವಳ ನಗು ನಿಂತುಹೋಗಿತ್ತು. ನಗುತ್ತಿರಲಿಲ್ಲ ಎಂದಲ್ಲ, ಸದ್ದಿಲ್ಲದೆ ನಗುತ್ತಿದ್ದಳು. ನಗು ಬಂದರೆ ಎರಡೂ ಕೈಯಿಂದ ತಲೆಯ ಹಿಂಭಾಗವನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಬಾಯಿ ತೆರೆದು ಕೂರುತ್ತಿದ್ದಳು. ಕೆಮ್ಮು ಬಂದರೂ ಹಾಗೆಯೇ. ಸೋಫಾದ ಮೇಲೆ ಹಾಗೆ ಕುಳಿತವಳನ್ನು ಹಿಂದಿನಿಂದ ನೋಡಿದರೆ, ತಲೆ ಕಳಚಿ ಬೀಳದ ಹಾಗೆ ಹಿಡಿದುಕೊಂಡಿದ್ದಾಳೆ ಅನಿಸುತ್ತಿತ್ತು. ಗೆಳತಿಯರಿಂದ ಕಲಿತ ಚೇಷ್ಟೆ ಇರಬೇಕು ಎಂದುಕೊಂಡು ಎರಡು ಸಲ ಬೈದೆ.

ಯೂನಿಫಾರ್ಮ್ ಹೊಲಿಸಲು ಜಂಕ್ಷನ್ನಿನ ಟೈಲರ್ ಹತ್ತಿರ ಕರೆದುಕೊಂಡು ಹೋದಾಗ ಅವರು ಅಳತೆ ತೆಗೆದು, ಮತ್ತೊಮ್ಮೆ ತೆಗೆದು, ಟೇಪನ್ನು ಕೊರಳಿಗೆ ಹಾಕಿಕೊಂಡು ನಿಂತುಬಿಟ್ಟರು. "ಚೇಚೀ, ಈ ಕುಟ್ಟಿಯ ಎಡಭುಜ ಎರಡು ಬೆರಳು ಮೇಲಿದೆ. ಕಳೆದ ವರ್ಷ ಹೀಗಿರಲಿಲ್ಲ" ಎಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಿಮ್ಮ ಟೇಪು ಸರಿ ಮಾಡಿಸಿಕೊಳ್ಳಿ ಎಂದೆ. ಅವರು ಜಗಳಕ್ಕೆ ಬರಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಅವಳ ಅಂಗಿಯ ಮೇಲೆ, ಬೆನ್ನಿನ ನಡುಗೆರೆಯ ಉದ್ದಕ್ಕೂ ಒಂದು ಗೀಟು ಎಳೆದರು. ನೆಟ್ಟಗೆ ಇರಬೇಕಾದ ಗೀಟು ಒಂದು ಕಡೆ ವಾಲಿ ಮತ್ತೆ ಒಳಗೆ ಬಂದಿತ್ತು. "ಡಾಕ್ಟರಿಗೆ ತೋರಿಸಿ. ಆಮೇಲೆ ಹೊಲಿಯುತ್ತೇನೆ" ಎಂದು ಬಟ್ಟೆಯನ್ನು ವಾಪಸು ಕೊಟ್ಟರು. ಮನೆಯವರೆಗೂ ನಾನು ಮಗಳ ಹಿಂದೆಯೇ ನಡೆದೆ, ಆ ಗೀಟನ್ನು ನೋಡುತ್ತಾ.

ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿದರು, ಅದನ್ನು ನೋಡಿ ಎಂ.ಆರ್.ಐ. ಬರೆದರು, ಅದನ್ನು ನೋಡಿ ತಿರುವನಂತಪುರದ ಒಬ್ಬ ನ್ಯೂರೋಸರ್ಜನ್‌ಗೆ ಪತ್ರ ಬರೆದರು. ಅವರ ಮಾತು ಕಡಿಮೆಯಾಗುತ್ತಾ ಬಂದದ್ದನ್ನು ನೋಡಿ ನನಗೆ ಮೊದಲ ಬಾರಿ ಹೆದರಿಕೆಯಾಯಿತು.

ಸರ್ಜನ್ ಐವತ್ತು ದಾಟಿದ ಹೆಂಗಸು. ದನಿ ಮೆತ್ತಗೆ, ಕಣ್ಣು ಮಾತ್ರ ನಮ್ಮ ಮೈಮೇಲೆ ಓಡಾಡುತ್ತಲೇ ಇತ್ತು. ಅಮ್ಮನೂ ಬಂದಿದ್ದರು. ಡಾಕ್ಟರು ಮಗಳಿಗೆ ಕಣ್ಣು ಮುಚ್ಚಲು ಹೇಳಿ, ಎರಡು ಗಾಜಿನ ಕೊಳವೆಗಳಲ್ಲಿ ಒಂದಕ್ಕೆ ಬಿಸಿನೀರು, ಒಂದಕ್ಕೆ ತಣ್ಣೀರು ತುಂಬಿಕೊಂಡು, ಒಂದೊಂದಾಗಿ ಅವಳ ಕೈಗೆ ತಾಗಿಸುತ್ತಾ ಹೋದರು.

"ಚೂಡೋ ತಣುಪ್ಪೋ, ಮೋಳೇ?" ಬಿಸಿಯೋ ತಣ್ಣಗೋ ಮಗಳೇ ಎಂದು.

"ಅರಿಯಿಲ್ಲ" ಎಂದಳು. ಗೊತ್ತಿಲ್ಲ.

ಬೆರಳು, ಅಂಗೈ, ಮೊಣಕೈ, ಭುಜ. ಎಲ್ಲ ಕಡೆಯೂ ಅದೇ ಉತ್ತರ. ಆದರೆ ಹತ್ತಿಯ ಎಳೆ ತಾಗಿಸಿದರೆ ಪ್ರತಿ ಸಲವೂ ಸರಿಯಾಗಿ ಹೇಳಿದಳು. ಕಾಲಿಗೆ ಬಿಸಿ ಕೊಳವೆ ತಾಗಿಸಿದಾಗ ಸರಕ್ಕನೆ ಎಳೆದುಕೊಂಡಳು. ಡಾಕ್ಟರು ಪೆನ್ನಿನಿಂದ ಅವಳ ಎದೆಯ ಮೇಲೆ, ಬೆನ್ನ ಮೇಲೆ ಒಂದು ಗೆರೆ ಹಾಕಿ ತೋರಿಸಿದರು. ಹೆಗಲಿಗೆ ಶಾಲು ಹೊದ್ದ ಹಾಗೆ, ಅಷ್ಟು ಭಾಗ ಮಾತ್ರ ಬೆಂಕಿಯನ್ನು ಮರೆತಿತ್ತು.

ಆಮೇಲೆ ಬಲಗೈಯ ಹೆಬ್ಬೆರಳನ್ನು ಉಳಿದ ಬೆರಳುಗಳಿಗೆ ಒಂದೊಂದಾಗಿ ತಾಗಿಸಲು ಹೇಳಿದರು. ಮಗಳು ಶುರು ಮಾಡಿದಳು. "ಎಡಗೈಯಲ್ಲಿ ಏನದು?" ಎಂದು ಡಾಕ್ಟರು ಕೇಳಿ, ಅವಳ ಮುಷ್ಟಿ ಬಿಡಿಸಿ, ನಾನು ಹಿಡಿಯಲು ಕಲಿಸಿದ್ದ ರಬ್ಬರನ್ನು ತೆಗೆದು ಮೇಜಿನ ಮೇಲೆ ಇಟ್ಟರು. ಖಾಲಿಯಾದ ಎಡಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಬಲಗೈ ಬೆರಳು ಎಣಿಸಿದಂತೆಲ್ಲ ಅದೂ ಎಣಿಸತೊಡಗಿತು. ಸ್ವಲ್ಪ ಸಣ್ಣದಾಗಿ, ಸ್ವಲ್ಪ ತಡವಾಗಿ, ಯಾರೋ ಪಕ್ಕದಲ್ಲಿ ಕೂತು ಗುಟ್ಟಾಗಿ ನಕಲು ಮಾಡಿದ ಹಾಗೆ. ಮಗಳು ಅದನ್ನು ನೋಡುತ್ತಲೂ ಇರಲಿಲ್ಲ.

ಡಾಕ್ಟರು ನನ್ನ ಕಡೆ ತಿರುಗಿದರು. "ನಿಮ್ಮ ಎಡಗೈಯಲ್ಲಿ ಏನಿದೆ?"

ಬೀಗದ ಕೈ ಇತ್ತು. ಮನೆಯಿಂದ ಹೊರಟಾಗಿನಿಂದ ಹಿಡಿದೇ ಇದ್ದೆ. ಅದನ್ನು ಕೆಳಗಿಟ್ಟು, ಎಡಗೈಯನ್ನು ಮೇಜಿನ ಮೇಲೆ ಬಿಚ್ಚಿಟ್ಟು, ಅವರು ಹೇಳಿದಂತೆ ಬಲಗೈಯ ಬೆರಳು ಆಡಿಸಿದೆ. ನನಗಾಗ ನಲವತ್ತೊಂದು. ನನ್ನ ಎಡಗೈ ತಾನಾಗಿ ಎದ್ದು ಕೆಲಸ ಮಾಡುವುದನ್ನು ಅಂದೇ ಮೊದಲು ಕಂಡದ್ದು. ನಿಲ್ಲಿಸಲು ನೋಡಿದೆ, ನಿಲ್ಲಲಿಲ್ಲ. ಇಷ್ಟು ವರ್ಷ ಮುಷ್ಟಿಯೊಳಗೆ ನಾನು ಏನನ್ನು ಹಿಡಿದಿಟ್ಟಿದ್ದೆ ಎಂದು ಆಗ ಗೊತ್ತಾಯಿತು. ಅಮ್ಮ ತಮ್ಮ ಎಡಗೈಯನ್ನು ಸೆರಗಿನೊಳಗೆ ಇನ್ನೂ ಒಳಕ್ಕೆ ಎಳೆದುಕೊಂಡರು.

"ಮೂವರೂ ಒಮ್ಮೆ ಹಿಂದಿನ ಬಾಗಿಲು ನೋಡಿ" ಎಂದರು ಡಾಕ್ಟರು.

ನೋಡಿದೆವು. ಮೂವರೂ ಕುರ್ಚಿಯ ಮೇಲೆ ಸೊಂಟದಿಂದಲೇ ಇಡೀ ಮೈ ತಿರುಗಿಸಿ ನೋಡಿದೆವು. ಬಾಗಿಲ ಹತ್ತಿರ ನಿಂತಿದ್ದ ನರ್ಸ್ ಗಾಬರಿಯಾಗಿ ಒಂದು ಹೆಜ್ಜೆ ಹಿಂದಕ್ಕೆ ಹೋದಳು. ಕತ್ತು ಮಾತ್ರ ತಿರುಗಿಸುವುದು ಉಳಿದವರ ಪದ್ಧತಿ ಎಂದು ನಾನು ಅಷ್ಟಾಗಿ ಗಮನಿಸಿಯೇ ಇರಲಿಲ್ಲ. ಗಿಡ್ಡ ಕತ್ತು ನಮ್ಮ ಮನೆಯ ಲಕ್ಷಣ, ಹಾಗೆಯೇ ಹೆಂಗಸರು ಗಂಭೀರವಾಗಿ ತಿರುಗಬೇಕು ಎನ್ನುವುದು ನಮ್ಮ ಮನೆಯ ಮರ್ಯಾದೆ.

ಡಾಕ್ಟರು ಬಿಡಿಸಿ ಹೇಳಿದರು. ಕತ್ತಿನ ಕೆಲವು ಮೂಳೆಗಳು ಗರ್ಭದಲ್ಲೇ ಒಂದಕ್ಕೊಂದು ಅಂಟಿಕೊಂಡಿವೆ. ತಲೆಬುರುಡೆಯ ಬುಡದಲ್ಲಿ ಜಾಗ ಸಾಲದೆ ಕಿರುಮೆದುಳಿನ ತುದಿ ಕತ್ತಿನೊಳಗೆ ಇಳಿದಿದೆ. ಅದು ಬಿರಡೆಯಂತೆ ಕೂತು ಮೆದುಳಿನ ಸುತ್ತ ಹರಿಯುವ ನೀರಿನ ದಾರಿ ಕಟ್ಟಿದೆ. ನಕ್ಕರೂ ಕೆಮ್ಮಿದರೂ ಅವಳಿಗೆ ತಲೆಯ ಹಿಂಭಾಗ ಸಿಡಿಯುವಂತೆ ನೋಯುವುದು ಅದರಿಂದಲೇ. ದಾರಿ ಸಿಗದ ನೀರು ಬೆನ್ನುಹುರಿಯ ಒಳಗೇ ಟೊಳ್ಳು ಮಾಡಿಕೊಂಡಿದೆ; ಬೆನ್ನು ವಾಲಿದ್ದು ಅದರಿಂದ. ಬಿಸಿಯನ್ನೂ ನೋವನ್ನೂ ಒಯ್ಯುವ ನರಗಳು ಹುರಿಯ ನಡುವೆಯೇ ದಾಟುವುದರಿಂದ ಮೊದಲು ಹಾಳಾಗುವುದು ಅವು. ಬೆಳಕಿನ ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಮಗಳ ಬೆನ್ನುಹುರಿ ಪಪ್ಪಾಯಿ ಎಲೆಯ ದಂಟಿನ ಹಾಗೆ ಒಳಗೆ ಪೊಳ್ಳಾಗಿತ್ತು. ಇದು ವಂಶದಲ್ಲಿ ಇಳಿದು ಬರುವ, ಅಪರೂಪಕ್ಕೆ ಕಾಣುವ ದೋಷ ಎಂದರು. ಎಡಗೈಯ ನಕಲು ಅದರ ಗುರುತಷ್ಟೇ, ಅದರಿಂದ ತೊಂದರೆಯಿಲ್ಲ. ಟೊಳ್ಳು ಹಾಗಲ್ಲ. ಬಿಟ್ಟರೆ ಅವಳ ಕೈಗಳು ಬತ್ತುತ್ತವೆ. ಅದು ಮೇಲಕ್ಕೆ ಬೆಳೆದರೆ ನುಂಗುವುದು ಕಷ್ಟವಾಗುತ್ತದೆ, ನಿದ್ದೆಯಲ್ಲಿ ಉಸಿರಾಟ ನಿಲ್ಲಬಹುದು. ಆಪರೇಷನ್ ಮಾಡಿ ಬುರುಡೆಯ ಬುಡದ ಸ್ವಲ್ಪ ಮೂಳೆ ತೆಗೆದು ನೀರಿಗೆ ದಾರಿ ಬಿಡಿಸಬೇಕು. ಅಪಾಯವಿಲ್ಲ ಎಂದು ಅವರು ಹೇಳಲಿಲ್ಲ.

"ನೀವಿಬ್ಬರೂ ಸ್ಕ್ಯಾನ್ ಮಾಡಿಸಬೇಕು" ಎಂದೂ ಹೇಳಿದರು.

"ನನಗೆ ಬಿಸಿ ಗೊತ್ತಾಗುತ್ತದೆ. ಹನ್ನೊಂದನೇ ವಯಸ್ಸಿನಲ್ಲೇ ನೋಡಿ ಆಗಿದೆ" ಎಂದೆ.

"ಅದು ಆಗಿನ ಮಾತು" ಎಂದರು.

ನಾನು ಕೇಳಿಸಿಕೊಳ್ಳಲಿಲ್ಲ. ನನಗೆ ಬರಲಿಲ್ಲ ಎಂದು ಅಜ್ಜಿಯೇ ತೀರ್ಪು ಕೊಟ್ಟಾಗಿತ್ತು. ಆವರೆಗೆ ಆ ತೀರ್ಪಿನ ಮೇಲೆ ಕೋಪ. ಅಂದಿನಿಂದ ಅದೇ ನನಗೆ ಆಸರೆ.

ಕ್ವಾರ್ಟರ್ಸಿನಲ್ಲಿ ಮೂರು ದಿನ ಅಮ್ಮ ಹಟ ಹಿಡಿದರು. ದೇವರು ಕೊಟ್ಟ ಕೈಯನ್ನು ಕತ್ತಿ ಹಾಕಿ ತೆಗೆಸುವುದಾ ಎಂದರು, ತಲೆಯ ಹಿಂದೆ ಕತ್ತಿ ಹಾಕಿದರೆ ಮಗು ಏಳುತ್ತದೆಂದು ಏನು ಖಾತ್ರಿ ಎಂದರು. ಗಂಡ ಕಾಗದದ ಮೇಲೆ ಚಿತ್ರ ಬರೆದು ಅವರಿಗೆ ವಿವರಿಸಿದರು. ಅಮ್ಮ ಚಿತ್ರವನ್ನು ಮಡಚಿ ಇವರ ಕೈಗೇ ಕೊಟ್ಟರು. ನಾಲ್ಕನೇ ದಿನ ಬೆಳಿಗ್ಗೆ, ಇವರು ಕೆಲಸಕ್ಕೆ ಹೋದ ಮೇಲೆ, ಒಗೆದ ಬಟ್ಟೆ ಮಡಚುತ್ತಾ ಕೂತವರು ಇದ್ದಕ್ಕಿದ್ದಂತೆ ಮಾತಾಡತೊಡಗಿದರು.

"ಆ ಅಕ್ಕಿ ಹಿಡಿಯುದು ಲಕ್ಷ್ಮಿಗೆ ಅಲ್ಲ."

ನಾನು ಅವರ ಎದುರಿಗೆ ಬಂದು ಕೂತೆ.

"ನನ್ನ ಅಜ್ಜಿಯನ್ನು ನೋಡ್ಲಿಕ್ಕೆ ಬಂದಿದ್ರಂತೆ. ರಂಗೋಲಿ ಹಾಕು ಅಂತ ಹೇಳಿದ್ರಂತೆ. ಬಲಗೈ ಹಾಕ್ತಾ ಉಂಟು, ಎಡಗೈ ಗಾಳಿಯಲ್ಲಿ ಅದನ್ನೇ ಹಾಕ್ತಾ ಉಂಟು. ಹುಡುಗನ ಕಡೆಯವರು ಹೆಣ್ಣಿನ ಮೈಮೇಲೆ ಏನೋ ಉಂಟು ಅಂತ ಎದ್ದು ಹೋದ್ರಂತೆ. ಮುಂದಿನ ಸಲ ಬಂದವರ ಎದುರು ಕೈಗೆ ಅಕ್ಕಿ ಕೊಟ್ಟು ಕೂರಿಸಿದ್ರು. ಲಕ್ಷ್ಮಿ ಆಮೇಲೆ ಬಂದದ್ದು."

"ಮತ್ತೆ ತಂಪು ಕೈ?"

ಅಮ್ಮ ಒಂದು ರವಿಕೆಯನ್ನು ನಾಲ್ಕು ಸಲ ಮಡಚಿದರು. "ನಿನ್ನ ಅಜ್ಜಿ ಕೊನೆಗೆ ಹೇಗಿದ್ರು ಅಂತ ನೀನು ನೋಡ್ಲಿಲ್ಲ, ಹಾಸ್ಟೆಲಿನಲ್ಲಿದ್ದಿ. ಬೆರಳು ಎಲ್ಲ ಒಳಗೆ ಮಡಚಿ ಹೋಗಿತ್ತು. ರವಿಕೆಯ ಹುಕ್ ಹಾಕ್ಲಿಕ್ಕೆ ನಾನು ಬೇಕಿತ್ತು. ನೀರು ಕುಡಿದ್ರೆ ನೆತ್ತಿಗೆ ಹತ್ತುದು. ಒಂದು ಮಧ್ಯಾಹ್ನ ಊಟ ಆಗಿ ಮಲಗಿದವರು ಹಾಗೆಯೇ. ಪಕ್ಕದಲ್ಲಿ ನಾನೇ ಕೂತಿದ್ದೆ. ಉಸಿರು ಬಿಟ್ರು, ಮತ್ತೆ ತಗೊಳ್ಳಲಿಕ್ಕೆ ಮರ್ತೇ ಹೋಯ್ತು ಅವರಿಗೆ. ನಾನು ಕಾದೆ, ಈಗ ತಗೊಳ್ತಾರೆ, ಈಗ ತಗೊಳ್ತಾರೆ ಅಂತ."

"ಇಷ್ಟೆಲ್ಲ ಗೊತ್ತಿದ್ದೂ ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿನಗೆ ಮದುವೆ ಆಗ್ತಿತ್ತಾ?"

ನಾನು ಬಾಯಿಗೆ ಬಂದಂತೆ ಮಾತಾಡಿದೆ. ನನ್ನ ಮಗಳನ್ನು ಹಬೆಯ ಪಾತ್ರೆಗೆ ನೂಕಿದ್ದು ನೀವು ಎಂದುಬಿಟ್ಟೆ. ನಾನೂ ನೂಕಿದ್ದೆ ಎಂಬುದು ಹೇಳುವಾಗಲೇ ಗೊತ್ತಿತ್ತು. ಅಮ್ಮ ಬಟ್ಟೆಯ ಕಟ್ಟನ್ನು ಎತ್ತಿ ಒಳಗಿಟ್ಟು ಬಂದು, "ಮಾಡಿಸು" ಎಂದರು. "ಆಪರೇಷನ್ ಮಾಡಿಸು. ನಾನೂ ಸ್ಕ್ಯಾನಿಗೆ ಬರ್ತೇನೆ."

ಅವರು ಮಾಡಿಸಿಕೊಂಡರು. ಟೊಳ್ಳು ಇತ್ತು, ಚಿಕ್ಕದು, ವರ್ಷಗಳಿಂದ ಬೆಳೆಯದೆ ನಿಂತಂತಿದೆ, ಗಮನಿಸುತ್ತಿದ್ದರೆ ಸಾಕು ಎಂದರು. ನಾನು ಮಾಡಿಸಲಿಲ್ಲ. ಮೊದಲು ಮಗುವಿನದು ಆಗಲಿ ಎಂದೆ.

ಆಪರೇಷನ್ನಿನ ಬೆಳಿಗ್ಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಕೈಯಲ್ಲಿ ಹಿಡಿಯಲು ಏನೂ ಇರಲಿಲ್ಲ. ಚೀಲ ಗಂಡನ ಹತ್ತಿರ ಇತ್ತು. ಬಲಗೈ ಕಾಗದದ ಮೇಲೆ ನನ್ನ ಹೆಸರು ಬರೆಯುತ್ತಿದ್ದಂತೆ, ಸೀರೆಯ ಮೇಲಿದ್ದ ಎಡಗೈ ತೊಡೆಯ ಮೇಲೆ ಅದೇ ಹೆಸರನ್ನು ಬರೆಯಿತು. ಒಪ್ಪಿಗೆ ಕೊಟ್ಟವರು ಇಬ್ಬರು ಅನಿಸಿತು. ಇನ್ನೊಬ್ಬಳು ಯಾರು ಎಂದು ಯೋಚಿಸಲು ಧೈರ್ಯವಾಗಲಿಲ್ಲ.

ಮಗಳನ್ನು ಒಳಗೆ ಒಯ್ಯುವ ಮುಂಚೆ ಅವಳು ತನ್ನ ರಬ್ಬರನ್ನು ನನ್ನ ಕೈಗೆ ಕೊಟ್ಟಳು. ಆರು ಗಂಟೆ ಅದನ್ನು ಹಿಡಿದು ಕೂತೆ. ಅಮ್ಮ ಎದುರಿನ ಬೆಂಚಿನಲ್ಲಿ ಕೂತು ತುಟಿ ಅಲುಗಿಸುತ್ತಿದ್ದರು; ಜಪ ಮಾಡುತ್ತಿದ್ದಾರೆ ಎಂದುಕೊಂಡೆ. ಹತ್ತಿರ ಹೋದಾಗ "ಈಗ ತಗೊಳ್ತಾಳೆ, ಈಗ ತಗೊಳ್ತಾಳೆ" ಎನ್ನುತ್ತಿದ್ದರು. ಕೇಳಲಾರದೆ ಎದ್ದುಹೋದೆ.

ಐ.ಸಿ.ಯು.ಗೆ ಒಬ್ಬರನ್ನೇ ಬಿಟ್ಟರು. ಮಗಳ ಕಣ್ಣು ಮುಚ್ಚಿತ್ತು. ನಾನು ಎಡಕ್ಕೆ ಕೂತು ಅವಳ ಎಡಗೈಯನ್ನು ನನ್ನ ಕೈಯಲ್ಲಿ ತೆಗೆದುಕೊಂಡೆ. ಡಾಕ್ಟರು ಆ ಕಡೆಯಿಂದ ಬಂದು ಅವಳ ಬಲಗೈಗೆ ತಮ್ಮ ಎರಡು ಬೆರಳು ಕೊಟ್ಟು, ಕಿವಿಯ ಹತ್ತಿರ ಬಗ್ಗಿ, ಗಟ್ಟಿಯಾಗಿ ಹಿಡಿ ಮೋಳೇ ಎಂದರು. ಯಾವ ಅಲುಗಾಟವೂ ಕಾಣಲಿಲ್ಲ. ಮತ್ತೆ ಹೇಳಿದರು. ಆಗ ನನ್ನ ಕೈಯನ್ನು ಯಾರೋ ಒತ್ತಿದರು. ಆ ಕಡೆ ಕೇಳಿದ ಪ್ರಶ್ನೆಗೆ ಈ ಕಡೆ ನನಗೆ ಉತ್ತರ ಬಂದಿತ್ತು. ನಾನು ತಲೆ ಎತ್ತಿದಾಗ ಡಾಕ್ಟರು ನಗುತ್ತಿದ್ದರು. "ಎರಡೂ ಕಡೆ ಹಿಡಿದಳು ಅಲ್ಲವೇ?" ಎಂದರು. ನಮ್ಮ ಮನೆಯ ಹೆಂಗಸರು ಎಷ್ಟೋ ಕಾಲದಿಂದ ಅಕ್ಕಿಯಲ್ಲಿ ಹೂತಿಟ್ಟ ಆ ಕೈಗೆ ಅಂದು ಮುತ್ತು ಕೊಟ್ಟೆ.

"ನೀರಿಗೆ ದಾರಿಯಾಗಿದೆ" ಎಂದರು ಡಾಕ್ಟರು ಮರುದಿನ. "ಟೊಳ್ಳು ಮೆಲ್ಲಗೆ ಕಿರಿದಾಗಬಹುದು. ಹೋದ ಬಿಸಿ ತಿರುಗಿ ಬರುತ್ತದೆ ಎಂದು ಮಾತು ಕೊಡಲಾರೆ."

ಪಾಲಾರಿವಟ್ಟಕ್ಕೆ ಬಂದ ಮೇಲೆ ಮೊದಲು ಮರಳಿದ್ದು ನಗು. ಒಂದು ಮಧ್ಯಾಹ್ನ ಒಳಗಿನ ಕೋಣೆಯಿಂದ ದೊಡ್ಡ ನಗು ಕೇಳಿ, ಯಾರೋ ಹೊರಗಿನವರು ಮನೆಗೆ ನುಗ್ಗಿದ್ದಾರೆ ಎಂದು ನಾನೂ ಅಮ್ಮನೂ ಬೆಚ್ಚಿದೆವು. ಬಿಸಿ ಮಾತ್ರ ಬರಲಿಲ್ಲ. ಪ್ರತಿ ಭಾನುವಾರ ಗಂಡ ಅವಳ ಕಣ್ಣಿಗೆ ಟವೆಲು ಕಟ್ಟಿ, ಬಿಸಿ ಚಮಚ ತಣ್ಣನೆಯ ಚಮಚ ತಾಗಿಸಿ ಕೇಳುತ್ತಿದ್ದರು. ಅರಿಯಿಲ್ಲ, ಅರಿಯಿಲ್ಲ. ಆ ಎರಡು ಚಮಚ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಅದು ಮುಗಿದ ಮೇಲೆ ನನ್ನ ಸರದಿ. "ನೀನೂ ಒಂದ್ಸಲ ಸ್ಕ್ಯಾನ್ ಮಾಡಿಸ್ಕೊಂಡ್ಬಿಡು, ನಿಶ್ಚಿಂತೆ ಆಗುತ್ತೆ" ಎಂದು ಇವರು. ಕೋರ್ಟಿಗೆ ರಜೆ ಬರಲಿ ಎಂದು ನಾನು. ರಜೆ ಬಂತು, ಹೋಯಿತು. ಒಂದು ಸಲ ನನ್ನ ಮೊಣಕೈ ಕೆಳಗಿನ ಕಪ್ಪು ಬರೆಯನ್ನು ತೋರಿಸಿ ಇಸ್ತ್ರಿಪೆಟ್ಟಿಗೆ ತಾಗಿತಾ ಎಂದು ಕೇಳಿದರು. ಇರಬಹುದು ಎಂದೆ. ಗಡಿಬಿಡಿಯಲ್ಲಿ ತಾಗಿದ್ದನ್ನೆಲ್ಲ ಯಾರು ನೆನಪಿಟ್ಟುಕೊಳ್ಳುತ್ತಾರೆ?

ಅಷ್ಟಮಿ ಮತ್ತೆ ಬಂತು. ಅಮ್ಮ ಮೊದಲ ಮೂಡೆಯನ್ನು ಇಕ್ಕುಳದಲ್ಲಿ ಎತ್ತಿ ದೇವರ ಮುಂದೆ ಇಟ್ಟು ತುಂಬ ಹೊತ್ತು ಕೈಮುಗಿದು ನಿಂತರು. ಏನು ಹೇಳಿಕೊಂಡರೋ ನಾನು ಕೇಳಲಿಲ್ಲ.

ಅದಾಗಿ ಕೆಲವು ವಾರಗಳಿಗೆ ಮಗಳನ್ನು ತೋರಿಸಲು ತಿರುವನಂತಪುರಕ್ಕೆ ಹೋದೆವು. ಬೆಳಿಗ್ಗೆ ಹತ್ತೂವರೆ, ಹೊರರೋಗಿಗಳ ಸಾಲು. ಅಮ್ಮನನ್ನೂ ಮಗಳನ್ನೂ ಬೆಂಚಿನಲ್ಲಿ ಕೂರಿಸಿ, ನಮ್ಮ ಟೋಕನ್ನಿಗೆ ಇನ್ನೂ ನಾಲ್ಕು ಜನ ಇದ್ದಾರೆಂದು ನೋಡಿ, ಕ್ಯಾಂಟೀನಿಗೆ ಓಡಿದೆ. ಮಗಳಿಗೆ ಹಾಲು, ಅಮ್ಮನಿಗೆ ಚಹಾ. ಗಾಜಿನ ಲೋಟಗಳು. "ಚೇಚೀ, ಚೂಡಾಣು", ಬಿಸಿಯಿದೆ, ಎಂದು ಚಹಾದವನು ಎಚ್ಚರಿಸಿ, ತಟ್ಟೆ ಹುಡುಕತೊಡಗಿದ. ಅವನ ತಟ್ಟೆ ಸಿಗುವಷ್ಟರಲ್ಲಿ ನಮ್ಮ ಸರದಿ ದಾಟುತ್ತದೆ ಎಂದು ಎರಡು ಕೈಯಲ್ಲಿ ಎರಡು ಲೋಟ ಹಿಡಿದುಕೊಂಡು ಬಂದೆ. ಉದ್ದದ ಕಾರಿಡಾರು, ಗಾಲಿಕುರ್ಚಿಗಳಿಗೆ ದಾರಿ ಬಿಟ್ಟು ಎರಡು ಕಡೆ ನಿಂತೆ. ಎಡಗೈಯ ಲೋಟವನ್ನು ಮಗಳಿಗೆ ಕೊಟ್ಟೆ. ಆರಿಸಿ ಕೊಡಬೇಕು ಎನ್ನುವುದು ಆ ಅವಸರದಲ್ಲಿ ಮರೆತೇಹೋಗಿತ್ತು.

"ಅಯ್ಯೋ! ಚೂಡ್!"

ಲೋಟ ನೆಲಕ್ಕೆ ಬಿದ್ದು ಚೂರಾಯಿತು. ಹಾಲು ಬೆಂಚಿನ ಕೆಳಗೆ ಹರಿಯಿತು. ಸಾಲಿನಲ್ಲಿದ್ದವರೆಲ್ಲ ಎದ್ದರು. ಮಗಳು ಬೆರಳುಗಳನ್ನು ಬಾಯಿ ಹತ್ತಿರ ಹಿಡಿದು ಊದುತ್ತಿದ್ದಳು, ಊದುವುದನ್ನು ನಿಲ್ಲಿಸಿ ಬೆರಳುಗಳನ್ನೇ ನೋಡಿದಳು, ಮತ್ತೆ "ಅಮ್ಮೇ, ಚೂಡ್!" ಎಂದಳು, ಈ ಸಲ ನಗುತ್ತಾ, ಅಳುತ್ತಾ. ನನ್ನ ಜೀವಮಾನದಲ್ಲಿ ಅಂಥ ಸಂತೋಷ ನಾನು ಕಂಡಿಲ್ಲ. ಆಸ್ಪತ್ರೆ ಎನ್ನುವುದನ್ನೂ ಮರೆತು ಕೂಗಿದೆ. "ಅಮ್ಮಾ, ಅವಳಿಗೆ ಬಿಸಿ ತಾಗಿತು! ನೋಡಿ, ತಾಗಿತು ಅವಳಿಗೆ!"

ಅಮ್ಮ ಅವಳನ್ನು ನೋಡುತ್ತಿರಲಿಲ್ಲ. ನನ್ನ ಬಲಗೈಯನ್ನು ನೋಡುತ್ತಿದ್ದರು. ಅದರಲ್ಲಿ ಚಹಾದ ಲೋಟ ಹಾಗೆಯೇ ಇತ್ತು. ಐದು ಬೆರಳೂ ಅಂಗೈಯೂ ಗಾಜಿಗೆ ಒತ್ತಿಕೊಂಡಿದ್ದವು, ಬೆರಳುಗಳ ನಡುವಿನಿಂದ ಹಬೆ ಏಳುತ್ತಿತ್ತು. ನನಗೆ ಲೋಟ ಇರುವುದು ಗೊತ್ತಾಗುತ್ತಿತ್ತು, ಅದರ ನುಣುಪು ಗೊತ್ತಾಗುತ್ತಿತ್ತು. ಬೇರೇನೂ ಇಲ್ಲ.

ಅಮ್ಮ ಎದ್ದು, ಸೆರಗಿನ ತುದಿಯಲ್ಲಿ ಲೋಟವನ್ನು ಹಿಡಿದು, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೆಗೆದುಕೊಂಡರು. ನನ್ನ ಅಂಗೈ ಕೆಂಪಗೆ ಬೆಂದಿತ್ತು.

"ನಿನಗೂ ಬಂತು" ಎಂದರು, ನನಗೆ ಮಾತ್ರ ಕೇಳುವ ಹಾಗೆ.

ಹನ್ನೊಂದನೇ ವಯಸ್ಸಿನಲ್ಲಿ ಬೇಕು ಬೇಕೆಂದು ಅತ್ತಿದ್ದ ಮಾತು ಅದು. ಮಗಳು ತನ್ನ ಬೆರಳುಗಳನ್ನು ಮರೆತು ನನ್ನ ಅಂಗೈಯನ್ನು ಎತ್ತಿಕೊಂಡು ಊದತೊಡಗಿದಳು. ನೋಯುತ್ತಿದೆಯಾ ಎಂದು ಕೇಳಿದಳು. ಇಲ್ಲ ಎಂದೆ. ಅವಳ ಮುಖ ಬಿಳುಚಿತು. ಆ ಉತ್ತರದ ಅರ್ಥ ಆ ಕಾರಿಡಾರಿನಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ನಮ್ಮ ಟೋಕನ್ ಕರೆದರು. ಒಳಗೆ ಹೋಗಿ, ರೋಗಿ ಕೂರುವ ಕುರ್ಚಿಯಲ್ಲಿ ನಾನು ಕೂತೆ. ಎರಡೂ ಕೈಗಳನ್ನು ಡಾಕ್ಟರ ಮೇಜಿನ ಮೇಲೆ ಬಿಚ್ಚಿಟ್ಟೆ. ಎಡಗೈಯಲ್ಲಿ ಏನೂ ಇರಲಿಲ್ಲ.